ಓದದೆ ಗುರುತು ಹಾಕಿದ ಒಂಬತ್ತು ಅಧ್ಯಾಯ

ಫೆಬ್ರವರಿ ಹತ್ತರಂದು ಕಣ್ಣಾಸ್ಪತ್ರೆಯವರು ಅಜ್ಜಿಯ ಹೆಸರನ್ನು ಕಾಯುವವರ ಪಟ್ಟಿಗೆ ಸೇರಿಸಿಕೊಂಡರು. ಅಂದು ಸಂಜೆಯೇ ನಾನು ಹೊಸ ನೋಟ್‌ಬುಕ್ಕೊಂದರಲ್ಲಿ ಗೆರೆ ಎಳೆದೆ. ಮೊದಲ ಕಲಂನಲ್ಲಿ ತಾರೀಖು, ಎರಡನೆಯದರಲ್ಲಿ ಎಷ್ಟನೆಯ ದಿನ ಎಂಬುದು. ಮೂರನೆಯದನ್ನು ಖಾಲಿ ಬಿಟ್ಟೆ. ಅಲ್ಲಿ ಏನಾದರೂ ಏರುತ್ತ ಹೋಗುವ ಸಂಖ್ಯೆ ಇರಬೇಕು ಅನ್ನಿಸಿತ್ತು. ಯಾವುದೆಂದು ಮಾತ್ರ ಗೊತ್ತಿರಲಿಲ್ಲ.

ಬರೆದಿಡುವ ಅಭ್ಯಾಸ ಕೆಲಸದಿಂದ ಬಂತೋ, ಅಭ್ಯಾಸವಿದ್ದುದರಿಂದಲೇ ಆ ಕೆಲಸ ಹಿಡಿಸಿತೋ ಹೇಳಲಾರೆ. ಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ಅಲ್ಲಿ ಮೊದಲ ದಿನ ನನಗೆ ಕಲಿಸಿದ್ದು ಒಂದೇ ಮಾತು: ಟ್ಯೂಬಿನ ಮೇಲೆ ಹೆಸರು, ತಾರೀಖು, ಹೊತ್ತು ಬರೆಯದಿದ್ದರೆ ಆ ರಕ್ತ ಯಾರದೂ ಅಲ್ಲ. ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡುವುದಿಲ್ಲ. ಗ್ಯಾಸ್ ಸಿಲಿಂಡರ್ ಬಂದ ದಿನ, ಅಜ್ಜಿಯ ಮಾತ್ರೆಯ ಹಾಳೆ ಒಡೆದ ದಿನ, ಎಲ್ಲವೂ ಎಲ್ಲಿಯೋ ಬರೆದಿರುತ್ತದೆ.

ಮನೆಯಲ್ಲಿ ಇರುವುದು ನಾವಿಬ್ಬರೇ. ಅಪ್ಪ ಅಮ್ಮ ಮೈಸೂರಿನಲ್ಲಿದ್ದಾರೆ. ಬನಶಂಕರಿಯಲ್ಲಿ ಅಜ್ಜಿ ಬಾಡಿಗೆಗಿದ್ದ ಮಹಡಿ ಮನೆಗೆ, ಕೆಲಸ ಸಿಕ್ಕಿದ ವರ್ಷ ನಾನು ಬಂದು ಸೇರಿಕೊಂಡೆ. ಅಜ್ಜಿ ಹೆಣ್ಣುಮಕ್ಕಳ ಮಿಷನ್ ಬೋರ್ಡಿಂಗಿನಲ್ಲಿ ಮೇಟ್ರನ್ ಆಗಿದ್ದವರು. ನಿವೃತ್ತರಾದ ಮೇಲೂ ಅವರ ದಿನ ಗಂಟೆ ಹೊಡೆದ ಹಾಗೆಯೇ ನಡೆಯುತ್ತಿತ್ತು: ಐದೂವರೆಗೆ ಎದ್ದು ಕಾಫಿ, ಆಮೇಲೆ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಸತ್ಯವೇದ, ಅಂದರೆ ಬೈಬಲ್. ವರ್ಷಕ್ಕೊಂದು ಸಲ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸುವುದು ಅವರ ಪದ್ಧತಿ. ಎಷ್ಟು ಸುತ್ತು ಮುಗಿದಿದೆ ಎಂದು ನಾನು ಕೇಳಿದ್ದುಂಟು. ಎಣಿಸಿಲ್ಲ ಎಂದರು. ನನಗೆ ಅದು ಅರ್ಥವಾಗದ ಉತ್ತರ.

ಅವರ ಎಡಗಣ್ಣು ಬಹಳ ಹಿಂದೆಯೇ ಗ್ಲಾಕೋಮಾದಿಂದ ಹೋಗಿತ್ತು. ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿ ಚೆನ್ನಾಗಿಯೇ ಇತ್ತು. ಆದರೆ ಕಳೆದ ವರ್ಷ ಕಣ್ಣಿನ ಮುಂದಿನ ಗಾಜಿನಂಥ ಪದರ ಊದಿಕೊಂಡು ಮಂಜಾಗತೊಡಗಿತು. ಡಾಕ್ಟರು ಅದನ್ನು ಕಾರ್ನಿಯಾ ಎಂದರು. ಯಾರಾದರೂ ತೀರಿಕೊಂಡ ಮೇಲೆ ಅವರ ಮನೆಯವರು ಕಣ್ಣು ದಾನ ಮಾಡಿದರೆ, ಅದರಿಂದ ಒಂದು ಪದರ ತೆಗೆದು ಅಜ್ಜಿಗೆ ಹಾಕಬಹುದು. ಬೇರೆ ದಾರಿ ಇಲ್ಲ.

"ಬಾತ್‌ರೂಮ್ ಗಾಜಿನ ಆಚೆ ನಿಂತಿರೋ ಹಾಗೆ ಕಾಣ್ತೀಯ ಕಣೇ" ಎಂದರು ಅಜ್ಜಿ, ಪಟ್ಟಿಗೆ ಹೆಸರು ಬರೆಸಿ ಬಂದ ಆ ಸಂಜೆ. "ಮೂಗು ಇದೆ ಅಂತ ಗೊತ್ತಾಗತ್ತೆ. ಎಲ್ಲಿದೆ ಅಂತ ಗೊತ್ತಾಗಲ್ಲ."

ಎಷ್ಟು ದಿನ ಕಾಯಬೇಕು ಎಂದು ಆಸ್ಪತ್ರೆಯ ಕೌನ್ಸೆಲರ್ ಮೇಡಂ ಅವರನ್ನು ನಾನು ಮೂರು ಸಲ ಕೇಳಿದ್ದೆ. ಮೂರು ಸಲವೂ "ಹೇಳಕ್ಕಾಗಲ್ಲಮ್ಮ" ಎಂದಿದ್ದರು. ಹೇಳಲಾಗದ್ದನ್ನು ನೋಟ್‌ಬುಕ್ಕಿನಲ್ಲಿ ಎಲ್ಲಿ ಬರೆಯುವುದು?

ಮೂರನೆಯ ಕಲಂ ಅಂದೇ ತುಂಬಿತು. ಆ ವರ್ಷದ ಸುತ್ತು ಇನ್ನೂ ಶುರುವಾಗಿಲ್ಲ ಎಂದು ಅಜ್ಜಿ ಬೇಸರ ಮಾಡಿಕೊಂಡಾಗ, ನಾನು ಓದುತ್ತೇನೆ, ನೀವು ಕೇಳಿ ಎಂದೆ. ಲ್ಯಾಬಿನಿಂದ ಬಂದು ಕೈಕಾಲು ತೊಳೆದು, ಆರೂವರೆಗೆ ದಿನಕ್ಕೆ ನಾಲ್ಕು ಅಧ್ಯಾಯ. ಸತ್ಯವೇದದಲ್ಲಿ ಒಟ್ಟು ಸಾವಿರದ ನೂರ ಎಂಬತ್ತೊಂಬತ್ತು ಅಧ್ಯಾಯಗಳಿವೆ. ನಾಲ್ಕರಿಂದ ಭಾಗಿಸಿದೆ. ಡಿಸೆಂಬರ್ ನಾಲ್ಕಕ್ಕೆ ಮುಗಿಯುತ್ತದೆ ಎಂದು ಬಂತು. ಪುಟದ ಅಡಿಯಲ್ಲಿ ಆ ತಾರೀಖನ್ನು ಬರೆದು ಸುತ್ತ ಒಂದು ಚೌಕ ಎಳೆದೆ.

ಆ ಚೌಕದಲ್ಲಿ ಇನ್ನೊಂದು ಮಾತೂ ಇತ್ತು, ಬರೆಯದೇ ಇದ್ದದ್ದು. ಓದು ಮುಗಿಯುವುದರೊಳಗೆ ಆಸ್ಪತ್ರೆಯಿಂದ ಫೋನ್ ಬರುತ್ತದೆ. ನಾವು ನಮ್ಮ ಭಾಗ ಮಾಡಿದರೆ ದೇವರು ತನ್ನ ಭಾಗ ಮಾಡುತ್ತಾನೆ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಜ್ಜಿ ಅಂದೇ ನಕ್ಕು ಬಿಡಿಸುತ್ತಿದ್ದರೇನೋ.

ನಮ್ಮ ಸಭೆಯ ಮನೆ ಪ್ರಾರ್ಥನೆ ಬುಧವಾರದ ಸಂಜೆ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತದೆ. ಮಾರ್ಚ್ ತಿಂಗಳಲ್ಲಿ ಒಂದು ಬುಧವಾರ ನಮ್ಮ ಮನೆಯ ಸರದಿ. ಹತ್ತು ಹನ್ನೆರಡು ಜನ, ಚಾಪೆ, ಉಪ್ಪಿಟ್ಟು. ಸ್ತ್ರೀ ಸಮಾಜದ ಹಿರಿಯ ಆಂಟಿಯೊಬ್ಬರು ಅಜ್ಜಿಯ ತಲೆಯ ಮೇಲೆ ಕೈಯಿಟ್ಟು, ಕರ್ತನೇ ಬೇಗ ಕಣ್ಣು ಕೊಡು, ತಡಮಾಡಬೇಡ, ಈ ತಿಂಗಳೇ ಕೊಡು ಎಂದು ಬಹಳ ಹೊತ್ತು ಪ್ರಾರ್ಥಿಸಿದರು. ಎಲ್ಲರೂ ಆಮೆನ್ ಎಂದರು. ನಾನು ಸ್ವಲ್ಪ ಜೋರಾಗಿಯೇ ಎಂದೆ. ಅಜ್ಜಿ ಮಾತ್ರ ಬಾಯಿ ತೆರೆಯಲಿಲ್ಲ.

ಎಲ್ಲರೂ ಹೋದ ಮೇಲೆ ತಟ್ಟೆ ಜೋಡಿಸುತ್ತ ಕೇಳಿದೆ. "ಯಾಕಜ್ಜಿ, ನೀವು ಆಮೆನ್ ಅನ್ನಲಿಲ್ಲ?"

"ಬೇಗ ಅಂದ್ರೆ ಯಾರು ಬೇಗ ಹೋಗ್ಬೇಕು ಮರಿ?"

ನಾನು ತಟ್ಟೆ ಹಿಡಿದುಕೊಂಡೇ ಅವರ ಕಡೆ ತಿರುಗಿದೆ.

"ಆ ಕಣ್ಣು ಈಗ ಯಾರದೋ ಮುಖದಲ್ಲಿದೆ" ಎಂದರು ಅಜ್ಜಿ. "ಅವರು ಈಗ ಟೀವಿ ನೋಡ್ತಾ ಕೂತಿರಬಹುದು, ಮೊಮ್ಮಗಳಿಗೆ ಜಡೆ ಹಾಕ್ತಾ ಇರಬಹುದು. ನನಗೆ ಬೇಗ ಬೇಕು ಅಂತ ಅವರನ್ನ ಬೇಗ ಕರ್ಕೋ ಅನ್ನೋದಾ?"

"ಮತ್ತೆ ಏನಂತ ಪ್ರಾರ್ಥನೆ ಮಾಡೋದು?"

"ಅವರು ಅವರ ಕಾಲಕ್ಕೆ ಹೋಗಲಿ. ಆ ಹೊತ್ತಲ್ಲಿ ಅವರ ಮನೆಯವರಿಗೆ ಒಳ್ಳೇ ಬುದ್ಧಿ ಬರಲಿ. ನನ್ನದು ನನ್ನ ಕಾಲಕ್ಕೆ ಆಗತ್ತೆ. ಎರಡು ಕಾಲನೂ ಗೊತ್ತಿರೋದು ಒಬ್ಬರಿಗೇ." ಆಮೇಲೆ, "ಆ ಆಂಟಿಗೆ ಹೇಳಕ್ಕೆ ಹೋಗ್ಬೇಡ. ಪ್ರೀತಿಯಿಂದ ಮಾಡಿದಾಳೆ" ಎಂದರು.

ಅಂದಿನ ಪುಟದಲ್ಲಿ ಅಜ್ಜಿ ಹೇಳಿದ್ದನ್ನೆಲ್ಲ ಬರೆದೆ. ಕೆಳಗೆ ನನ್ನ ಸ್ವಂತ ಪ್ರಾರ್ಥನೆಯನ್ನೂ ಬರೆದೆ. ಅದರಲ್ಲಿ ಬೇಗ ಎಂಬ ಪದ ಹಾಗೆಯೇ ಇತ್ತು. ಅರ್ಥವಾದದ್ದೆಲ್ಲ ಒಂದೇ ದಿನಕ್ಕೆ ಒಳಗಿಳಿಯುವುದಿಲ್ಲ.

ಬೇಸಿಗೆಯಲ್ಲಿ ಓದು ಹಿಂದೆ ಬಿತ್ತು. ಲ್ಯಾಬಿನಲ್ಲಿ ಇಬ್ಬರು ರಜೆಯಲ್ಲಿದ್ದರು, ನಾನು ಎಂಟು ಗಂಟೆಗೆ ಮನೆ ಸೇರುತ್ತಿದ್ದೆ. ನಡುವೆ ನನಗೇ ನಾಲ್ಕು ದಿನ ಜ್ವರ. ಮೇ ಹದಿನಾರಕ್ಕೆ, ತೊಂಬತ್ತಾರನೆಯ ದಿನ, ಒಟ್ಟು ಹನ್ನೊಂದು ದಿನ ತಪ್ಪಿಹೋಗಿತ್ತು. ಚೌಕದೊಳಗಿನ ತಾರೀಖು ಡಿಸೆಂಬರ್ ಹದಿನೈದಕ್ಕೆ ಜಾರಿತ್ತು. ಅದನ್ನು ಹೊಡೆದುಹಾಕಿ ಹೊಸದು ಬರೆಯಲು ನನಗೆ ಮನಸ್ಸಾಗಲಿಲ್ಲ. ಫೋನೂ ಹನ್ನೊಂದು ದಿನ ಹಿಂದಕ್ಕೆ ಹೋದ ಹಾಗೆ ಅನ್ನಿಸುತ್ತಿತ್ತು.

ಅಂದು ಅರಸರ ಚರಿತ್ರೆಯಲ್ಲಿ ಎರಡು ಅಧ್ಯಾಯ ಬಾಕಿ ಇತ್ತು. ಓದಿದೆ. ಪುಟ ತಿರುಗಿಸಿದರೆ ಮುಂದೆ ವಂಶಾವಳಿ. ಮೊದಲ ಮನುಷ್ಯನಿಂದ ಶುರುವಾಗಿ ಒಂಬತ್ತು ಅಧ್ಯಾಯ, ಬರೀ ಹೆಸರು. ಇವನು ಅವನ ಮಗ, ಅವನಿಗೆ ಇವರು ಹುಟ್ಟಿದರು. ನಾಲಗೆ ತಿರುಗದ ನೂರಾರು ಹೆಸರು. ನಾನು ಬೆಳಗ್ಗೆಯಿಂದ ಇನ್ನೂರಕ್ಕೂ ಹೆಚ್ಚು ಟ್ಯೂಬುಗಳ ಮೇಲೆ ಹೆಸರು ಬರೆದು ಬಂದಿದ್ದೆ. ಅಜ್ಜಿ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದರು. ಕತ್ತಿನ ಮೇಲೆ ಫ್ಯಾನಿನ ಗಾಳಿಗೆ ಕೂದಲು ಆಡುತ್ತಿತ್ತು. ನಾನು ಹಾಳೆಗಳನ್ನು ಒಟ್ಟಿಗೆ ಹಿಡಿದು ಒಂದೇ ಸಲಕ್ಕೆ ತಿರುಗಿಸಿ ಹತ್ತನೆಯ ಅಧ್ಯಾಯದಿಂದ ಓದತೊಡಗಿದೆ. ಯುದ್ಧದ ಕಥೆ. ಅಜ್ಜಿ ಏನೂ ಹೇಳಲಿಲ್ಲ.

ಮೂರನೆಯ ಕಲಂನಲ್ಲಿ ಮುನ್ನೂರ ನಲವತ್ತೊಂಬತ್ತು ಎಂದು ಬರೆದೆ. ಒಂಬತ್ತು ಅಧ್ಯಾಯಕ್ಕೆ ಎರಡೂಕಾಲು ದಿನ ಉಳಿಯಿತು. ನನ್ನ ಯಾವ ನೋಟ್‌ಬುಕ್ಕಿನಲ್ಲೂ ಅದುವರೆಗೆ ನಾನು ಸುಳ್ಳು ಸಂಖ್ಯೆ ಬರೆದಿರಲಿಲ್ಲ. ಆ ರಾತ್ರಿ ಚೆನ್ನಾಗಿಯೇ ನಿದ್ದೆ ಬಂತು ಎಂಬುದನ್ನೂ ಇಲ್ಲಿ ಬರೆದಿಡಬೇಕು.

ಜುಲೈ ಇಪ್ಪತ್ತೊಂದು, ನೂರ ಅರವತ್ತೆರಡನೆಯ ದಿನ, ಬೆಳಗ್ಗೆ ಹನ್ನೊಂದಕ್ಕೆ ಫೋನ್ ಬಂತು. ನಾನು ಟೀ ಕುಡಿಯಲು ಲ್ಯಾಬಿನ ಹೊರಗೆ ಬಂದಿದ್ದೆ.

"ಕಾರ್ನಿಯಾ ಬಂದಿದೆ" ಎಂದರು ಕೌನ್ಸೆಲರ್ ಮೇಡಂ. "ನಾಳೆ ಬೆಳಗ್ಗೆ ಆಪರೇಷನ್. ಇವತ್ತು ಮಧ್ಯಾಹ್ನ ಒಂದ್ಸಲ ತೋರಿಸ್ಕೊಂಡು ಹೋಗಿ. ಅಜ್ಜಿಗೆ ಜ್ವರ, ಕೆಮ್ಮು ಏನಾದ್ರೂ ಇದೆಯಾ?"

ನಾಲ್ಕು ದಿನದಿಂದ ಇತ್ತು. ಮಳೆ ಹಿಡಿದಿತ್ತು, ಇಡೀ ಬೀದಿಯೇ ಕೆಮ್ಮುತ್ತಿತ್ತು. ನಾನು "ಸ್ವಲ್ಪ" ಎಂದೆ.

ಅದು ಸ್ವಲ್ಪವಲ್ಲ ಎಂಬುದನ್ನು ಡಾಕ್ಟರು ಕೊಠಡಿಯ ಬಾಗಿಲಲ್ಲೇ ಕೇಳಿಸಿಕೊಂಡರು. ಹೀಗೆ ಕೆಮ್ಮಿದರೆ ಒಳಗೆ ಕೂರಿಸಿದ ಪದರ ನಿಲ್ಲುವುದಿಲ್ಲ, ಬಂದಿರುವ ಕಾರ್ನಿಯಾವನ್ನು ಬಹಳ ದಿನ ಇಡಲೂ ಆಗುವುದಿಲ್ಲ, ಪಟ್ಟಿಯಲ್ಲಿ ಮುಂದಿನವರಿಗೆ ಹೇಳುತ್ತೇವೆ ಎಂದರು. ಪಟ್ಟಿಯಲ್ಲಿ ಅಜ್ಜಿಯ ಹೆಸರು ಇದ್ದಲ್ಲೇ ಇರುತ್ತದೆ ಎಂದೂ ಹೇಳಿದರು.

"ಸರಿ ಡಾಕ್ಟ್ರೇ" ಎಂದರು ಅಜ್ಜಿ. "ಅವರಿಗಾದ್ರೂ ಕೆಮ್ಮು ಇಲ್ಲದಿರಲಿ."

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಮನೆಗೆ ಬಂದು ಕಷಾಯ ಕಾಯಿಸಿ ಲೋಟವನ್ನು ಅಜ್ಜಿಯ ಮುಂದೆ ಸದ್ದಾಗುವ ಹಾಗೆ ಇಟ್ಟೆ.

"ನನ್ನ ಮೇಲೆ ಕೋಪನಾ, ಕೆಮ್ಮಿನ ಮೇಲಾ?" ಎಂದರು ಅಜ್ಜಿ.

"ಯಾರ ಮೇಲೂ ಇಲ್ಲ. ನೂರ ಅರವತ್ತೆರಡು ದಿನ ಕಾದಿದೀವಿ. ಇಷ್ಟೊಂದು ಓದಿದೀವಿ. ಕೊನೆಗೆ ಒಂದು ಕೆಮ್ಮಿಗೆ ಎಲ್ಲ ಹೋಯ್ತಲ್ಲ."

"ಎಷ್ಟು ಓದಿದೀವಿ?"

ನಾನು ನೋಟ್‌ಬುಕ್ ನೋಡಲೂ ಇಲ್ಲ. "ಆರುನೂರ ಒಂಬತ್ತು."

ಅಜ್ಜಿ ಕಷಾಯ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಒಂಬತ್ತು ಕಳೆ" ಎಂದರು.

ಆರುನೂರು. ಎರಡು ತಿಂಗಳು, ದಿನವೂ, ಆ ಒಂಬತ್ತನ್ನು ಹೊತ್ತ ಸಂಖ್ಯೆಯನ್ನು ನಾನು ಬರೆದಿದ್ದೆ. ಅಜ್ಜಿ ದಿನವೂ ಅದು ಗೊತ್ತಿದ್ದೇ ಕುರ್ಚಿಗೆ ಒರಗಿ ಕೇಳಿದ್ದರು.

"ಅವತ್ತೇ ಯಾಕೆ ಹೇಳಲಿಲ್ಲ?"

"ಸುಸ್ತಾಗಿದ್ದೆ ನೀನು. ಆಮೇಲೆ ನೀನೇ ಹೇಳ್ತೀಯ ಅಂತ ಕಾದೆ." ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು, ಆ ಕಣ್ಣಿನಲ್ಲಿ ಯಾವಾಗಲೂ ನೀರು ಬರುತ್ತಿತ್ತು. "ಯಾಕೆ ಅಷ್ಟು ಅವಸರ? ಮುಗಿಸಿದ್ರೆ ಕಣ್ಣು ಬರತ್ತೆ ಅಂತ ಲೆಕ್ಕ ಹಾಕಿದ್ಯಾ?"

"ಹೂಂ."

"ದೇವರೇನು ನಿಮ್ಮ ಲ್ಯಾಬಾ, ಬೆಳಗ್ಗೆ ಕೊಟ್ಟಿದ್ದಕ್ಕೆ ಸಂಜೆ ಆರಕ್ಕೆ ರಿಪೋರ್ಟ್ ಕೊಡಕ್ಕೆ?"

ಆಗ ನಗು ಬಂತು. ಅಳುವೂ ಬಂತು. ಅಜ್ಜಿ ಎರಡನ್ನೂ ಮುಗಿಯಲು ಬಿಟ್ಟು, ಬೋರ್ಡಿಂಗಿನ ಒಂದು ಸಂಗತಿ ಹೇಳಿದರು. ಅಲ್ಲಿ ಸಂಜೆ ಊಟಕ್ಕೆ ಮುಂಚೆ ಅಷ್ಟೂ ಹುಡುಗಿಯರ ಹೆಸರು ಕರೆಯುವುದು ಅವರ ಕೆಲಸ. ಎಪ್ಪತ್ತು ಚಿಲ್ಲರೆ ಹೆಸರು. ಒಂದು ದಿನ ಯಾರೋ ಅತಿಥಿಗಳು ಬಂದರು, ಹೊತ್ತಾಯಿತು, ಎಲ್ಲರೂ ಕೂತಿದ್ದಾರಲ್ಲ ಎಂದು ಹೆಸರು ಕರೆಯದೆ ಊಟ ಬಡಿಸಿಬಿಟ್ಟರು. ಊಟ ಮುಗಿದು ತಟ್ಟೆ ತೊಳೆಯಲು ಹೋದವರು ನೋಡಿದರೆ, ಹೊಸದಾಗಿ ಸೇರಿದ್ದ ಒಂದು ಹುಡುಗಿ ಸ್ನಾನದ ಮನೆಯ ಮೂಲೆಯಲ್ಲಿ ಕೂತಿದ್ದಳು. ಮೊದಲ ಸಲ ಮುಟ್ಟಾಗಿ, ಯಾರಿಗೆ ಹೇಳಬೇಕೆಂದು ತಿಳಿಯದೆ.

"ಏನು ಕೇಳಿದ್ಲು ಗೊತ್ತಾ? 'ಇವತ್ತು ನನ್ನ ಹೆಸರು ಕರೀಲಿಲ್ವಾ ಅಕ್ಕ?' ಅಂದ್ಲು. ಹೆಸರು ಕರೆದಾಗ ಉತ್ತರ ಬರಲಿಲ್ಲ ಅಂದ್ರೆ ಯಾರಾದ್ರೂ ಹುಡುಕ್ಕೊಂಡು ಬರ್ತಾರೆ ಅಂತ ಕಾಯ್ತಾ ಕೂತಿದ್ಲು." ಅಜ್ಜಿ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. "ಉದ್ದದ ಪಟ್ಟಿ ಅಂದ್ರೆ ಓದೋರಿಗೆ ಬೇಜಾರು ಮರಿ. ಪಟ್ಟಿಯಲ್ಲಿ ಇರೋರಿಗಲ್ಲ. ಆಸ್ಪತ್ರೆ ಪಟ್ಟಿಯಲ್ಲಿ ನಾನೂ ಒಂದು ಹೆಸರೇ ತಾನೇ? ಇವತ್ತು ಯಾರಿಗೋ ಹೋಯ್ತಲ್ಲ ಆ ಕಣ್ಣು, ಅವರೂ ಒಂದು ಹೆಸರೇ."

ಆ ಇನ್ನೊಬ್ಬರ ಬಗ್ಗೆ ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಅವರ ಮನೆಯಲ್ಲೂ ಯಾರಾದರೂ ದಿನ ಎಣಿಸುತ್ತಿದ್ದಿರಬಹುದು. ಅವರಿಗೆ ಅಂದು ಮಧ್ಯಾಹ್ನ ಫೋನ್ ಹೋಗಿರುತ್ತದೆ. ನನ್ನ ಪಾಲಿಗೆ ಎಲ್ಲ ಮುಗಿದ ಸೋಮವಾರ ಅವರಿಗೆ ಜೀವಮಾನದ ಸೋಮವಾರ.

ನೋಟ್‌ಬುಕ್ ತೆಗೆದು ಆರುನೂರ ಒಂಬತ್ತನ್ನು ಹೊಡೆದುಹಾಕಿ ಆರುನೂರು ಎಂದು ಬರೆದೆ. ಮೇ ಹದಿನಾರರವರೆಗೂ ಹಿಂದಕ್ಕೆ ಹೋಗಿ ಪ್ರತಿಯೊಂದನ್ನೂ ತಿದ್ದಿದೆ, ಒಟ್ಟು ಅರವತ್ತಾರು ತಿದ್ದುಪಡಿ. ಚೌಕದೊಳಗೆ ಡಿಸೆಂಬರ್ ಹದಿನೈದು ಎಂದೂ ಬರೆದೆ. ಆಮೇಲೆ ವಂಶಾವಳಿಯ ಪುಟ ತೆರೆದೆ.

ಮಾರನೆಯ ದಿನ ನಾನು ಹೆಸರುಗಳ ನಡುವೆ ತಡವರಿಸುತ್ತಿದ್ದಾಗ ಕೆಳಗಿನ ಮನೆಯ ಆಂಟಿ ಹುರುಳಿಕಾಯಿಯ ಮೊರ ಹಿಡಿದು ಬಂದರು. ಅವರು ಮನೆಯ ಓನರ್. ಅಜ್ಜಿಗಿಂತ ಹತ್ತು ವರ್ಷ ಚಿಕ್ಕವರು, ಮೂರು ತಲೆಮಾರಿನಿಂದ ಇಲ್ಲಿಯವರು, ನಾಡಿದ್ದು ಏಕಾದಶಿ ಎಂದು ಕ್ಯಾಲೆಂಡರ್ ನೋಡದೆ ಹೇಳಬಲ್ಲವರು. ನಾರು ತೆಗೆಯುತ್ತ ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಏನಿದು, ಬರೀ ಇವನ ಮಗ ಅವನು, ಅವನ ಮಗ ಇವನು?"

"ವಂಶಾವಳಿ ಆಂಟಿ."

"ಓ, ನಮ್ಮಲ್ಲಿ ಗೋತ್ರ ಪ್ರವರ ಹೇಳ್ತಾರಲ್ಲ ಹಂಗೆ. ನಮ್ಮ ಮನೆಯವರು ಮೂರೇ ಋಷಿಗಳ ಹೆಸರು ಹೇಳಕ್ಕೆ ತಡವರಿಸ್ತಿದ್ರು. ನಿಮ್ಮದು ಯಾಕೆ ಇಷ್ಟು ಉದ್ದ?"

"ಯಾರನ್ನೂ ಬಿಡಬಾರದಲ್ಲ, ಅದಕ್ಕೆ" ಎಂದರು ಅಜ್ಜಿ. ನನ್ನ ಕಡೆ ತಿರುಗಲಿಲ್ಲ. ನಾನು ತಲೆ ಎತ್ತಲಿಲ್ಲ.

ಅಂದೇ ಅಜ್ಜಿ ಒಂದು ಕೆಲಸ ಮಾಡಿಸಿದರು. ಆಸ್ಪತ್ರೆಯಲ್ಲಿ ಕೊಟ್ಟಿದ್ದದ್ದು ನನ್ನೊಬ್ಬಳ ನಂಬರು. ಜೊತೆಗೆ ಕೆಳಗಿನ ಮನೆಯ ಆಂಟಿಯದನ್ನೂ ಬರೆಸು ಎಂದರು. ನಾನಿದ್ದೇನಲ್ಲ, ಫೋನ್ ಯಾವಾಗಲೂ ಕೈಯಲ್ಲೇ ಇರುತ್ತದೆ ಎಂದೆ. "ಇರಲಿ, ಬರೆಸು" ಎಂದರು. ಬರೆಸಿದೆ.

ಆಮೇಲಿನ ತಿಂಗಳುಗಳ ಬಗ್ಗೆ ನೋಟ್‌ಬುಕ್ಕಿನಲ್ಲಿ ಹೆಚ್ಚೇನಿಲ್ಲ. ಸಂಖ್ಯೆಗಳ ಪಕ್ಕದಲ್ಲಿ ಮಾತ್ರ ಸಣ್ಣ ಟಿಪ್ಪಣಿಗಳು ಬರತೊಡಗಿವೆ, ಮೊದಲು ಇಲ್ಲದವು. 'ಪ್ರವಾದಿಗಳ ಅಧ್ಯಾಯ, ಅಜ್ಜಿ ನನಗಿಂತ ಮುಂಚೆ ಸಾಲು ಮುಗಿಸಿದರು.' 'ಆಂಟಿ ತಂದ ಕೋಡುಬಳೆ.' 'ಓದುತ್ತ ನಾನೇ ನಿದ್ದೆ ಹೋದೆ, ಅಜ್ಜಿ ಎಬ್ಬಿಸಲಿಲ್ಲ.' ಎರಡನೆಯ ಕಲಂ, ಎಷ್ಟನೆಯ ದಿನ ಎಂಬುದು, ಕೆಲವು ಪುಟಗಳಲ್ಲಿ ಖಾಲಿಯೇ ಇದೆ. ನಾನು ಅದನ್ನು ಬೇಕೆಂದು ಬಿಟ್ಟದ್ದಲ್ಲ, ಮರೆತದ್ದು. ಆರೂವರೆ ಆಗುವುದನ್ನು ನಾನು ಮಧ್ಯಾಹ್ನದಿಂದಲೇ ಎದುರುನೋಡುತ್ತಿದ್ದೆ. ಜಯನಗರದಿಂದ ಬನಶಂಕರಿಗೆ ಮೆಟ್ರೋದಲ್ಲಿ ಬರುವಾಗ, ನಿನ್ನೆ ಎಲ್ಲಿ ನಿಲ್ಲಿಸಿದ್ದೆವು ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ಪ್ರಾರ್ಥನೆಯಲ್ಲಿ ಬೇಗ ಎಂಬ ಪದ ಯಾವ ದಿನ ಬಿಟ್ಟುಹೋಯಿತೋ ಹುಡುಕಿದೆ, ಸಿಗಲಿಲ್ಲ. ಸೆಪ್ಟೆಂಬರಿನಲ್ಲಿ ಇದೆ, ಅಕ್ಟೋಬರಿನಲ್ಲಿ ಇಲ್ಲ.

ಡಿಸೆಂಬರ್ ಹದಿನೈದು ಬಂತು. ಲೆಕ್ಕದ ಪ್ರಕಾರ ಅಂದು ಉಳಿದದ್ದು ಒಂದೇ ಅಧ್ಯಾಯ, ಕೊನೆಯದು. ಬೀದಿಯಾಚೆಯ ಅಂಗಡಿಯಲ್ಲಿ ಕ್ರಿಸ್‌ಮಸ್ ನಕ್ಷತ್ರ ತೂಗುಹಾಕಿದ್ದರು. ನಾನು ಫೋನಿಗೆ ಪೂರ್ತಿ ಚಾರ್ಜ್ ಹಾಕಿ ಟೀಪಾಯಿಯ ಮೇಲೆ ಇಟ್ಟಿದ್ದೆ. ಬಿಟ್ಟೆ ಎಂದುಕೊಂಡಿದ್ದ ಲೆಕ್ಕ ಎಲ್ಲಿಯೋ ಒಳಗೆ ಉಸಿರು ಹಿಡಿದು ಕೂತಿತ್ತು. ಅಧ್ಯಾಯ ಓದಿದೆ. ಕೊನೆಯ ಆಮೆನ್ ಇಬ್ಬರೂ ಒಟ್ಟಿಗೆ ಹೇಳಿದೆವು. ಫೋನ್ ಸುಮ್ಮನಿತ್ತು. ಕೆಳಗೆ ಆಂಟಿಯ ಮನೆಯ ಕುಕ್ಕರ್ ಒಂದು ಸಲ ಕೂಗಿತು.

"ಏನು, ಫೋನ್ ನೋಡ್ತಾ ಇದೀಯಾ?" ಎಂದರು ಅಜ್ಜಿ.

"ನಿಮಗೆ ಹೆಂಗೆ ಗೊತ್ತಾಯ್ತು?"

"ಪುಸ್ತಕ ಮುಚ್ಚೋ ಸದ್ದು ಕೇಳಲಿಲ್ಲ."

ಮುಚ್ಚಿದೆ.

"ಒಂದು ಕಾಫಿ ಮಾಡು. ನಾಳೆ ಮತ್ತೆ ಮೊದಲನೇ ಪುಟ" ಎಂದರು.

ನನಗೆ ದುಃಖವಾಗಬೇಕಿತ್ತು ಎಂದುಕೊಂಡೇ ಅಡುಗೆಮನೆಗೆ ಹೋದೆ. ಹಾಲು ಉಕ್ಕುವವರೆಗೂ ನಿಂತು ನೋಡಿದೆ, ದುಃಖ ಬರಲಿಲ್ಲ. ನಾಳೆ ಓದಲಿಕ್ಕಿದೆ ಎಂಬುದೇ ಸಾಕಾಗಿತ್ತು. ಅಂದಿನ ಪುಟದಲ್ಲಿ ಇರುವುದು ಇಷ್ಟೇ: '1189. ಮುಗಿಯಿತು. ಕಾಫಿ.'

ಜನವರಿ ಇಪ್ಪತ್ತೊಂಬತ್ತರಂದು ಮಧ್ಯಾಹ್ನ ಊಟಕ್ಕೆಂದು ಲ್ಯಾಬಿನ ಲಾಕರ್ ತೆಗೆದೆ. ಹೊಸ ವರ್ಷದಿಂದ ಫೋನನ್ನು ಒಳಗೆ ತರಬಾರದೆಂಬ ನಿಯಮ ಬಂದಿತ್ತು. ಆಸ್ಪತ್ರೆಯಿಂದ ಮೂರು ಮಿಸ್ಡ್ ಕಾಲ್, ಕೆಳಗಿನ ಮನೆಯ ಆಂಟಿಯಿಂದ ಏಳು. ಆಂಟಿಗೆ ಫೋನ್ ಮಾಡಿದೆ.

"ಎಲ್ಲಿದ್ಯೇ ನೀನು?" ಎಂದರು ಆಂಟಿ. "ನಾವು ಆಗ್ಲೇ ಆಸ್ಪತ್ರೆಗೆ ಬಂದು ಕೂತಾಯ್ತು. ನಿನ್ನ ಫೋನ್ ಸಿಗಲಿಲ್ಲ ಅಂತ ನನಗೆ ಮಾಡಿದ್ರು. ನಿಮ್ಮಜ್ಜಿನ ಆಟೋ ಹತ್ತಿಸ್ಕೊಂಡು ಬಂದೆ. ಕೆಮ್ಮಿಲ್ಲ, ಜ್ವರ ಇಲ್ಲ, ಬೀಪಿ ಸರಿ ಇದೆ. ಇವತ್ತು ಏಕಾದಶಿ, ನಾನು ಬೆಳಗ್ಗೆಯಿಂದ ಏನೂ ತಿಂದಿಲ್ಲ. ಬರ್ತಾ ಎರಡು ಬಾಳೆಹಣ್ಣು ತಗೊಂಬಾ."

ಹಿಂದಿನ ಸಲ ಫೋನ್ ಕೈಯಲ್ಲಿಯೇ ಇತ್ತು, ಆಗಲಿಲ್ಲ. ಈ ಸಲ ಕಬ್ಬಿಣದ ಡಬ್ಬದೊಳಗಿತ್ತು, ಆಯಿತು. ಅದು ಮುನ್ನೂರ ಐವತ್ತನಾಲ್ಕನೆಯ ದಿನ ಎಂದು ಆಮೇಲೆ ಕೂತು ಎಣಿಸಿದೆ.

ಆಪರೇಷನ್ ಅಂದು ಸಂಜೆಯೇ ನಡೆಯಿತು. ಹೊಸ ಪದರ ಅಂಟಿಕೊಳ್ಳಲೆಂದು ಕಣ್ಣಿನೊಳಗೆ ಒಂದು ಗಾಳಿಯ ಗುಳ್ಳೆ ಇಟ್ಟಿದ್ದರು. ಅದಕ್ಕಾಗಿ ಮಾರನೆಯ ದಿನದವರೆಗೂ ಅಂಗಾತ ಮಲಗಿರಬೇಕಿತ್ತು. ಅಜ್ಜಿ ಸೂರಿನ ಕಡೆ ಮುಖ ಮಾಡಿ, ಬೋರ್ಡಿಂಗಿನ ಹುಡುಗಿಯರಿಗೆ ಮಲಗಲು ಹೇಳುತ್ತಿದ್ದಾಗ ಹೇಗಿದ್ದಿರಬಹುದೋ ಹಾಗೆ ಕೈಕಟ್ಟಿ ಮಲಗಿದರು. ಬಿಡುಗಡೆಯ ದಿನ ಕೌನ್ಸೆಲರ್ ಮೇಡಂ ಡ್ರಾಪ್ಸ್ ಹಾಕುವ ಕ್ರಮ ಹೇಳಿಕೊಡಲು ಬಂದಾಗ ಅಜ್ಜಿ ಕೇಳಿದರು.

"ಇದು ಯಾರ ಕಣ್ಣಮ್ಮ?"

"ಹೆಸರು ಹೇಳೋ ಹಾಗಿಲ್ಲ ಅಜ್ಜಿ."

"ಗಂಡೋ ಹೆಣ್ಣೋ ಅಷ್ಟಾದ್ರೂ?"

"ಅದೂ ಇಲ್ಲ. ರೂಲ್ಸು."

ಅಜ್ಜಿ "ಇರಲಿ, ಗೊತ್ತಿರೋರಿಗೆ ಗೊತ್ತಿದೆ" ಎಂದರು. ಅಂದಿನಿಂದ ಅವರ ಬೆಳಗಿನ ಪ್ರಾರ್ಥನೆಯಲ್ಲಿ ಒಂದು ಕಡೆ ಮಾತು ನಿಲ್ಲುತ್ತದೆ. ಅಪ್ಪನ ಹೆಸರು, ಅಮ್ಮನ ಹೆಸರು, ನನ್ನದು, ಕೆಳಗಿನ ಮನೆಯ ಆಂಟಿಯದು, ಆಮೇಲೆ ಒಂದು ಹೆಸರು ಹೇಳುವಷ್ಟು ಹೊತ್ತು ಮೌನ, ಆಮೇಲೆ ಆಮೆನ್.

ಕೆಳಗಿನ ಮನೆಯ ಆಂಟಿ ಅದೇ ಆಸ್ಪತ್ರೆಯಲ್ಲಿ ನೇತ್ರದಾನದ ಫಾರಂ ತುಂಬಿ ಬಂದಿದ್ದರು. ಅದನ್ನು ಮುಂದಿನ ಮನೆ ಪ್ರಾರ್ಥನೆಯ ದಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ತಿಳಿಸಿದರು. "ನನ್ನ ಕಣ್ಣೂ ಬರ್ಕೊಟ್ಟಿದೀನಿ. ಆದ್ರೆ ನೀವು ಯಾರೂ ಬೇಗ ಬೇಗ ಅಂತ ಪ್ರಾರ್ಥನೆ ಮಾಡ್ಬೇಡಿ." ಸ್ತ್ರೀ ಸಮಾಜದ ಆಂಟಿಯೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಕಣ್ಣು ಒಂದೇ ದಿನಕ್ಕೆ ತಿಳಿಯಾಗಲಿಲ್ಲ. ಮೊದಲ ವಾರ ಕಿಟಕಿಯ ಸರಳು ಎಣಿಸುವಷ್ಟು, ಮೂರನೆಯ ವಾರ ಕ್ಯಾಲೆಂಡರಿನ ದೊಡ್ಡ ಅಂಕಿ. ನಾನು ಓದುವುದು ನಡೆದೇ ಇತ್ತು, ಆಸ್ಪತ್ರೆಯ ಮೂರು ದಿನ ಬಿಟ್ಟು. ಮಾರ್ಚ್ ಹನ್ನೆರಡಕ್ಕೆ ಹೊಸ ಕನ್ನಡಕ ಬಂತು. ಅಜ್ಜಿ ಹಾಕಿಕೊಂಡು ನನ್ನನ್ನು ಬಹಳ ಹೊತ್ತು ನೋಡಿದರು.

"ಮೂಗು ಸಿಕ್ತು" ಎಂದರು.

ಮಾರನೆಯ ದಿನ ಆರೂವರೆಗೆ ಎಂದಿನಂತೆ ಕೂತೆ. ಅರಸರ ಚರಿತ್ರೆಯಲ್ಲಿ ಎರಡು ಅಧ್ಯಾಯ ಬಾಕಿ ಇತ್ತು. ಅವನ್ನು ಓದಿ ಪುಟ ತಿರುಗಿಸಿದಾಗ ಮುಂದೆ ಏನಿದೆ ಎಂದು ಕಂಡು ಕೈ ನಿಂತಿತು. ಈ ದಿನಕ್ಕೆ ಈ ಪುಟ ಬರಲಿ ಎಂದು ನಾನು ಲೆಕ್ಕ ಹಾಕಿರಲಿಲ್ಲ. ಈ ಸುತ್ತಿನ ಓದಿಗೆ ನಾನು ಚೌಕವನ್ನೇ ಎಳೆದಿರಲಿಲ್ಲ.

"ಹೆಸರುಗಳಾ?" ಎಂದರು ಅಜ್ಜಿ. "ಕೊಡಿಲ್ಲಿ."

ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು ಓದತೊಡಗಿದರು. ಮೊದಲ ಮನುಷ್ಯನಿಂದ. ನಿಧಾನವಾಗಿ, ಒಂದೊಂದು ಹೆಸರಿಗೂ ಉತ್ತರ ಬರಲಿ ಎಂದು ಬಿಡುವು ಕೊಟ್ಟು, ಊಟದ ಮನೆಯ ಬಾಗಿಲಲ್ಲಿ ನಿಂತ ಮೇಟ್ರನ್ನಿನ ದನಿಯಲ್ಲಿ. ಹನ್ನೊಂದು ಹೆಸರು ಓದಿದರು. ಹನ್ನೆರಡನೆಯದಕ್ಕೆ ಕಣ್ಣಲ್ಲಿ ನೀರು ತುಂಬಿತು, ಆಯಾಸಕ್ಕೆ. ಅಲ್ಲಿ ಬೆರಳು ಇಟ್ಟುಕೊಂಡೇ, ಒಂದು ಹೆಸರು ಹೇಳುವಷ್ಟು ಹೊತ್ತು ಸುಮ್ಮನಿದ್ದರು. ಬೆಳಗಿನ ಪ್ರಾರ್ಥನೆಯ ಅದೇ ಮೌನ. ಆಮೇಲೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಬೆರಳು ತೆಗೆದು, "ಇಲ್ಲಿಂದ ನೀನು" ಎಂದರು.

ಓದಿದೆ. ಯಾರನ್ನೂ ಬಿಡಲಿಲ್ಲ.

ಮೂರನೆಯ ಕಲಂನಲ್ಲಿ ಮುನ್ನೂರ ನಲವತ್ತು ಎಂದು ಬರೆದೆ. ಅದರ ಕೆಳಗೆ, ಒಂದು ಹೆಸರು ಹಿಡಿಸುವ ಹಾಗೆ, ಒಂದು ಸಾಲು ಖಾಲಿ ಬಿಟ್ಟೆ. ಅದಕ್ಕೂ ತಾರೀಖು ಹಾಕಿದ್ದೇನೆ.